ಎರಡನೆಯ ಬಾಣಂತನ

ನನಗೆ ಮಗಳು ಹುಟ್ಟಿದ್ದು ಒಂದು ಸಲ, ಬಾಣಂತನ ಆದದ್ದು ಎರಡು ಸಲ. ಎರಡನೆಯದು ನಡೆದಾಗ ಮಗಳಿಗೆ ಎರಡು ವರ್ಷ ದಾಟಿತ್ತು. ಅವಳು ಇಂಡಿಯಲ್ಲಿ ನನ್ನ ಅತ್ತೆಯ ಮನೆಯ ಅಂಗಳದಲ್ಲಿ ಬೆಕ್ಕಿನ ಹಿಂದೆ ಓಡುತ್ತಿದ್ದಳು. ನಾನು ಬಸವನ ಬಾಗೇವಾಡಿಯ ತವರಿನಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಕಿವಿಗೆ ಅರಳೆ ತುರುಕಿಕೊಂಡು, ತಲೆಗೆ ಅವ್ವನ ಹಳೇ ಸೀರೆಯ ತುಂಡು ಬಿಗಿದುಕೊಂಡು ಹೊರಸಿನ ಮೇಲೆ ಮಲಗಿದ್ದೆ. ಹೊರಸಿನ ಕೆಳಗೆ ಕೆಂಡದ ಬುಟ್ಟಿ, ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ. ಹೊರಗೆ ಮೇ ತಿಂಗಳ ಬಿಸಿಲು. ನಮ್ಮ ಕಡೆಯ ಮೇ ತಿಂಗಳು ಎಂಥದೆಂದು ಗೊತ್ತಿದ್ದವರಿಗೆ ಗೊತ್ತು, ಗೊತ್ತಿಲ್ಲದವರಿಗೆ ಹೇಳಿದರೂ ನಂಬುವುದಿಲ್ಲ.

ಹೊಗೆಯ ವಾಸನೆ ಹಿಡಿದು ಓಣಿಯ ಹೆಂಗಸೊಬ್ಬಳು ಒಳಗೆ ಬಂದಳು. ಬಂದವಳೇ ನನ್ನ ಮಗ್ಗುಲಲ್ಲಿ ಕೂಸನ್ನು ಹುಡುಕಿದಳು.

"ಯಾವಾಗ ಆತು ಬೇ? ಹೆಣ್ಣೋ ಗಂಡೋ?"

"ಹೆಣ್ರಿ," ಎಂದೆ.

"ಎಲ್ಲೈತಿ ಮತ್ತ?"

"ಇಂಡ್ಯಾಗ ಐತ್ರಿ. ಓಡ್ಯಾಡಾಕತ್ತೈತಿ."

ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅವ್ವ ಅಡುಗೆಮನೆಯಿಂದಲೇ ಕೂಗಿ ಹೇಳಿದಳು: "ಅರ್ಧಕ್ಕ ನಿಂತಿದ್ದ ಬಾಣಂತನ ಐತಿ ಯಕ್ಕಾ. ಈಗ ಪೂರಾ ಮಾಡಾಕತ್ತೇನಿ."

ಇಷ್ಟು ಕೇಳಿದ್ದೇ ಆ ಹೆಂಗಸಿನ ಮುಖದಲ್ಲಿದ್ದ ಗಾಬರಿ ಇಳಿದುಹೋಯಿತು. "ಭಾಳ ಚಲೋ ಮಾಡಿದಿ ನೋಡು," ಎಂದು ಕೂತು ಎಲೆ ಅಡಿಕೆ ಹಾಕಿಕೊಂಡಳು. ನನಗೆ ನಗು ಬಂತು, ಅದರ ಹಿಂದೆಯೇ ಭಯ. ಇಡೀ ಊರಿಗೇ ಇದು ಸರಿ ಅನ್ನಿಸುತ್ತಿದ್ದರೆ ನನ್ನ ಮಾತನ್ನು ಯಾರು ಕೇಳಬೇಕು?

ನಮ್ಮದು ನಾಲ್ಕು ತಾಲ್ಲೂಕಿಗೆ ಹಂಚಿಹೋದ ಸಂಸಾರ. ನಾನು ಸಿಂದಗಿ ಹತ್ತಿರದ ಹಳ್ಳಿಯ ಸರಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ಸಿಂದಗಿಯಲ್ಲೇ ಬಾಡಿಗೆ ಮನೆ. ನಮ್ಮ ಮನೆಯವರು ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಉಪನ್ಯಾಸಕರು. ಶನಿವಾರ ಸಂಜೆ ಬರುತ್ತಾರೆ, ಸೋಮವಾರ ಮುಂಜಾನೆ ಮೊದಲ ಬಸ್ಸಿಗೆ ಹೋಗುತ್ತಾರೆ. ಅತ್ತೆಮನೆ ಇಂಡಿ, ತವರು ಬಾಗೇವಾಡಿ. ವರ್ಗಾವಣೆಗೆ ಅರ್ಜಿ ಹಾಕಿ ಹಾಕಿ ಬೇಸತ್ತು, ಗಂಡ ಹೆಂಡತಿ ಬಸ್ ನಿಲ್ದಾಣದಲ್ಲೇ ಜಗಳ ಆಡಿ ಅಲ್ಲೇ ರಾಜಿಯಾಗುವುದನ್ನು ಕಲಿತಿದ್ದೆವು.

ಚೊಚ್ಚಲ ಹೆರಿಗೆಗೆ ತವರಿಗೆ ಹೋದೆ. ಬಾಣಂತನದಲ್ಲಿ ನನ್ನ ಅವ್ವ ಓಣಿಗೆಲ್ಲ ಹೆಸರಾದವಳು. ಅವಳು ನೀರು ಹಾಕಿದರೆ ಮೂಳೆಯಲ್ಲಿದ್ದ ನೋವು ಕೂಡ ಮನೆ ಬಿಟ್ಟು ಓಡುತ್ತದೆ ಅನ್ನುತ್ತಿದ್ದರು. ಆದರೆ ಕೂಸಿಗೆ ಎರಡು ತಿಂಗಳು ತುಂಬುವುದರೊಳಗೆ ಇಂಡಿಯಲ್ಲಿ ಮಾವ ತೀರಿಕೊಂಡರು. ಹಸಿ ಬಾಣಂತಿಯನ್ನು ಕಳಿಸುವುದಿಲ್ಲ ಎಂದು ಅವ್ವ, ಮನೆಯ ಹಿರಿಯ ಸೊಸೆ ಬರದಿದ್ದರೆ ಹೇಗೆ ಎಂದು ಅವರ ಕಡೆಯವರು. ಕೊನೆಗೆ ಹೋದೆ. ಮಣ್ಣು ಮುಗಿದ ಮೇಲೆ ಎಲ್ಲರಿಗೂ ಸುರಿದಂತೆ ನನ್ನ ತಲೆಯ ಮೇಲೂ ತಣ್ಣೀರು ಸುರಿದರು. ಚಳಿಗಾಲ, ತೊಟ್ಟಿಯ ನೀರು. ನಡುಗಿದೆ ನಿಜ, ಆದರೆ ಒಂದು ಸೀನು ಕೂಡ ಬರಲಿಲ್ಲ. ಕರ್ಮಾದಿಗಳು ಮುಗಿಯುವವರೆಗೆ ಅಲ್ಲೇ ಇದ್ದೆ, ಅಷ್ಟರಲ್ಲಿ ಹೊರಸು, ಕೆಂಡ, ಎಣ್ಣೆ ಎಲ್ಲ ತಪ್ಪಿಹೋಯಿತು. ರಜೆ ಮುಗಿದ ಮೇಲೆ ಶಾಲೆಗೆ ಹೋದೆ. ಆ ತಣ್ಣೀರಿನ ನೆನಪೇ ನನಗೆ ಇರಲಿಲ್ಲ.

ಮಗಳು ಗೋಡೆ ಹಿಡಿದು ಹೆಜ್ಜೆ ಹಾಕುವ ಕಾಲಕ್ಕೆ ನನ್ನ ಕಾಲಿಗೆ ಜೋಮು ಹಿಡಿಯಿತು. ಜೋಮು ಅಂದರೆ ಕೂತು ಎದ್ದಾಗ ಹಿಡಿಯುವಂಥದ್ದು, ಕೊಡವಿದರೆ ಹೋಗುವಂಥದ್ದು. ಇದು ಹೋಗಲಿಲ್ಲ. ಪಾದದಿಂದ ಮೊಣಕಾಲಿಗೆ, ಅಲ್ಲಿಂದ ಸೊಂಟಕ್ಕೆ ಏರಿತು. ಚಪ್ಪಲಿ ಕಾಲಿಂದ ಕಳಚಿ ಹಿಂದೆಯೇ ಉಳಿದದ್ದು ಶಾಲೆಯ ಗೇಟಿಗೆ ಬಂದ ಮೇಲೆ, ಹುಡುಗಿಯರು ನಕ್ಕಾಗ ಗೊತ್ತಾಗುತ್ತಿತ್ತು. ಸೊಂಟದ ಸುತ್ತ ಒದ್ದೆ ಹಗ್ಗ ಬಿಗಿದಂತೆ ಬಿಗಿತ. ಮಗಳ ಅಂಗಿಯ ಗುಂಡಿ ಹಾಕಲು ತಲೆ ತಗ್ಗಿಸಿದರೆ ಕತ್ತಿನಿಂದ ಹಿಮ್ಮಡಿಯವರೆಗೆ ಕರೆಂಟು ಹೊಡೆಯುತ್ತಿತ್ತು. ಗುಂಡಿ ಹಾಕುವುದನ್ನೇ ಬಿಟ್ಟೆ, ತಲೆಯ ಮೇಲಿಂದ ತೊಡಿಸುವ ಅಂಗಿಗಳನ್ನು ತಂದೆ.

ಸಿಂದಗಿಯ ಡಾಕ್ಟರು ನಾಲಿಗೆ ನೋಡಿ, ರೆಪ್ಪೆ ಎಳೆದು ನೋಡಿ, "ಶಕ್ತಿ ಭಾಳ ಕಮ್ಮಿ ಆಗೇತಿ ಟೀಚರ್" ಎಂದು ಸಲಾಯಿನ್ ಹಚ್ಚಿದರು. ವಿಜಯಪುರದ ಎಲುಬಿನ ಡಾಕ್ಟರು ಎಕ್ಸ್‌ರೇ ತೆಗೆಸಿ ನಡುವಿಗೆ ಬೆಲ್ಟು ಕೊಟ್ಟರು. ಇನ್ನೊಬ್ಬರು ವಿಟಮಿನ್ ಸೂಜಿ ಬರೆದು, ಗಂಡ ಎಲ್ಲಿರುತ್ತಾರೆ ಎಂದು ಕೇಳಿ, ಮುದ್ದೇಬಿಹಾಳ ಎಂದಾಗ ತಲೆಯಾಡಿಸಿ ನಕ್ಕರು. "ಅದಕ್ಕ ಹಿಂಗಾಗೇತಿ. ಟೆನ್ಶನ್ ತಗೋಬ್ಯಾಡ್ರಿ." ನನ್ನ ಕಾಲಿಗೂ ನನ್ನ ಗಂಡನ ಪೋಸ್ಟಿಂಗಿಗೂ ಏನು ಸಂಬಂಧ ಎಂದು ಕೇಳಬೇಕಿತ್ತು, ಮೈಯೆಲ್ಲ ಉರಿಯಿತು, ಆದರೆ ಕಾಲು ಅಲ್ಲಾಡುತ್ತಿದ್ದಾಗ ಬಾಯಿ ಕೂಡ ಸೋಲುತ್ತದೆ. ಚೀಟಿ ಹಿಡಿದು ಬಂದೆ.

ಕೆಲವು ವಾರಗಳಲ್ಲಿ ಎಲ್ಲ ತಾನಾಗಿಯೇ ಹೋಯಿತು! ಸಲಾಯಿನ್ ಹಚ್ಚಿದವರು ಸಲಾಯಿನ್ನಿನಿಂದ ಎಂದರು, ಬೆಲ್ಟು ಕೊಟ್ಟವರು ಬೆಲ್ಟಿನಿಂದ ಎಂದರು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದ ಅತ್ತೆ ತಮ್ಮ ಮೆಣಸಿನಕಾಯಿಯಿಂದಲೇ ಎಂದರು. ನಾನೂ ನಂಬಿದೆ. ಈ ರೋಗದ ಹಾಳು ಬುದ್ಧಿಯೇ ಇದು. ಬಂದು ಹೆದರಿಸಿ, ಹೊರಟುಹೋಗಿ, ಎಲ್ಲರ ಮುಂದೆ ನಮ್ಮನ್ನು ಸುಳ್ಳಿ ಮಾಡುತ್ತದೆ.

ಮತ್ತೆ ಬಂದಾಗ ಕಣ್ಣಿಗೆ ಬಂತು. ಎಡಗಣ್ಣು ಅತ್ತಿತ್ತ ಹೊರಳಿಸಿದರೆ ಒಳಗೆ ನೋವು, ನಡುಮಧ್ಯೆ ಒಂದು ಮಬ್ಬು ಕಲೆ. ಮಗಳ ಕೆಂಪು ಫ್ರಾಕು ಆ ಕಣ್ಣಿಗೆ ಹಳೇ ಇಟ್ಟಿಗೆಯ ಬಣ್ಣವಾಗಿ ಕಾಣುತ್ತಿತ್ತು. ಬಲಗಣ್ಣು ಮುಚ್ಚಿ ಅವಳ ಮುಖ ನೋಡಿದೆ, ಮೂಗು ಇರುವ ಜಾಗದಲ್ಲಿ ಏನೂ ಇರಲಿಲ್ಲ. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, "ಕಣ್ಣು ಬಂಗಾರದಂಗ ಅದಾವ್ರಿ" ಎಂದು ಕಳಿಸಿದರು. ಅಂದಿನಿಂದ ಶುರುವಾದ ಚಟ ಇವತ್ತಿಗೂ ಬಿಟ್ಟಿಲ್ಲ. ಎದ್ದ ಕೂಡಲೇ ಒಂದು ಕಣ್ಣು ಮುಚ್ಚಿ, ಇನ್ನೊಂದು ತೆರೆದು, ಗೋಡೆಯ ಕ್ಯಾಲೆಂಡರಿನ ಅಂಕಿ ಓದುತ್ತೇನೆ. ಓದಲು ಬಂದರೆ ಆ ದಿನ ನನ್ನದು.

ಅದೇ ದಿನಗಳಲ್ಲಿ ಒಂದು ಭಾನುವಾರ ಇಂಡಿಗೆ ಹೋಗಿದ್ದಾಗ ಮಗಳನ್ನು ಬಗಲಲ್ಲಿ ಎತ್ತಿಕೊಂಡು ಕಟ್ಟೆಯ ಮೆಟ್ಟಿಲು ಇಳಿಯುತ್ತಿದ್ದೆ. ಬಲಗಾಲಿನ ಮೊಣಕಾಲು ಮಡಚಿಕೊಂಡಿತು. ಎಡವಿದ್ದಲ್ಲ, ಜಾರಿದ್ದಲ್ಲ. ಕಾಲು ಇದ್ದಕ್ಕಿದ್ದಂತೆ ನನ್ನದಲ್ಲ ಎಂಬಂತೆ ಬಿಟ್ಟುಬಿಟ್ಟಿತು. ಮಗಳ ತುಟಿ ಒಡೆದು ಬಾಯಿತುಂಬ ರಕ್ತ. ಅತ್ತೆ ಓಡಿಬಂದು ಮೊದಲು ಮಗುವನ್ನು ಎತ್ತಿಕೊಂಡರು. ಯಾರಾದರೂ ಹಾಗೇ ಮಾಡುತ್ತಿದ್ದರು, ನಾನಾದರೂ. ಆದರೆ ರಕ್ತ ನಿಂತ ಮೇಲೂ ಅವರು ಮಗುವನ್ನು ನನ್ನ ಕೈಗೆ ಕೊಡಲಿಲ್ಲ.

"ನೀ ಚಲೋ ಆಗೂತನಾ ಕೂಸು ನನ್ನ ಕಡೆ ಇರ್ಲಿ," ಎಂದರು ಸಂಜೆ. ಬೈದು ಹೇಳಲಿಲ್ಲ, ಮೆತ್ತಗೆ ಹೇಳಿದರು. ಬೈದಿದ್ದರೆ ನಾನೂ ಬೈದು ಮಗುವನ್ನು ಕಸಿದುಕೊಂಡು ಬರುತ್ತಿದ್ದೆ. ಮೆತ್ತಗಿನ ಮಾತಿಗೆ ಮಗಳ ಅಂಗಿಗಳ ಚೀಲವನ್ನು ಅವರ ಮುಂದೆ ಇಟ್ಟೆ. ನಮ್ಮ ಮನೆಯವರು ನನ್ನ ಮುಖ ನೋಡಲಿಲ್ಲ. ಮಗಳನ್ನು ಇಂಡಿಯಲ್ಲಿ ಬಿಟ್ಟು ಸಿಂದಗಿಯ ಬಸ್ಸು ಹತ್ತಿದೆ.

ಆಮೇಲೆ ರಜೆ ಸಿಕ್ಕಾಗಲೆಲ್ಲ ಇಂಡಿಗೆ ಹೋಗುತ್ತಿದ್ದೆ. ಕೂಡಿದ ಮನೆಗಳಲ್ಲಿ ಮಕ್ಕಳು ತಾವು ಕೇಳಿದ ಹೆಸರನ್ನೇ ಹಿಡಿಯುತ್ತವೆ. ನನ್ನ ಮೈದುನ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾನೆ, ನಮ್ಮ ಮನೆಯವರು ಅತ್ತೆಯನ್ನು ಅವ್ವ ಎನ್ನುತ್ತಾರೆ. ಮಗಳೂ ಹಾಗೇ ಕಲಿತಳು. ಬಾಗಿಲಲ್ಲಿ ನನ್ನನ್ನು ಕಂಡರೆ, "ಅವ್ವಾ, ವೈನಿ ಬಂದ್ಲು" ಎಂದು ಒಳಗೆ ಓಡಿ ಸುದ್ದಿ ಕೊಡುತ್ತಿದ್ದಳು. ಮನೆಮಂದಿ ನಗುತ್ತಿದ್ದರು, ನಾನೂ ಹಲ್ಲು ಕಿರಿಯುತ್ತಿದ್ದೆ. ನನ್ನ ರೋಗದ ಹೆಸರು ಏನಾದರೂ ಆಗಲಿ, ಅದು ಗುಣವಾಗುವುದರೊಳಗೆ ಈ ಕೂಸು ನನ್ನದಾಗಿ ಉಳಿಯುತ್ತದೆಯೇ ಎಂಬುದೊಂದೇ ಆಗ ನನಗಿದ್ದ ಚಿಂತೆ.

ತಣ್ಣೀರಿನ ಮಾತು ಎದ್ದದ್ದು ಆಗ. ಯಾರು ಮೊದಲು ಎತ್ತಿದರೋ ಗೊತ್ತಿಲ್ಲ, ಎಲ್ಲರೂ ಮೊದಲೇ ಗೊತ್ತಿದ್ದವರಂತೆ ಒಪ್ಪಿದರು. ಹಸಿ ಬಾಣಂತಿ ತಣ್ಣೀರು ಹೊಯ್ದುಕೊಂಡಳು, ಥಂಡಿ ಎಲುಬಿನೊಳಗೆ ಹೊಕ್ಕು ಕೂತಿದೆ. ತವರಲ್ಲಿ ಸರಿಯಾಗಿ ಕಾಯಿಸಲಿಲ್ಲ ಎಂದು ಅತ್ತೆಯ ಕಡೆಯವರು, ಕಾಯಿಸುವುದರೊಳಗೆ ಎಳೆದುಕೊಂಡು ಹೋಗಿ ನೀರು ಸುರಿದವರು ಯಾರು ಎಂದು ಅವ್ವ. ಈ ಜಗಳದ ನಡುವೆ ನನ್ನ ಕಾಲು ಯಾರಿಗೂ ನೆನಪಿರಲಿಲ್ಲ. ಕೊನೆಗೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತೀರ್ಪು ಕೊಟ್ಟಳು: "ಬ್ಯಾಸಗಿ ಸೂಟಿ ಬರ್ಲಿ. ಮೊದ್ಲಿಂದ ಬಾಣಂತನ ಮಾಡ್ತೇನಿ. ಹೆಂಗ ಹೋಗಂಗಿಲ್ಲ ಥಂಡಿ, ನೋಡೇಬಿಡ್ತೇನಿ."

ವಿಜ್ಞಾನ ಕಲಿಸುವವಳು ಒಪ್ಪಿದೆ ಅಂದರೆ ನಗಬೇಡಿ. ಡಾಕ್ಟರುಗಳೆಲ್ಲ ಕೈ ಚೆಲ್ಲಿದ್ದರು, ಅವ್ವ ಒಬ್ಬಳೇ ಗುಣ ಮಾಡುತ್ತೇನೆ ಎಂದಿದ್ದಳು. ಗುಣವಾದರೆ ಮಗಳು ಸಿಗುತ್ತಾಳೆ. ಆ ಲೆಕ್ಕಕ್ಕೆ ಯಾವ ವಿಜ್ಞಾನವೂ ಅಡ್ಡ ಬರಲಿಲ್ಲ.

ಮುಂಜಾನೆ, ಸಂಜೆ ಎರಡು ಹೊತ್ತು ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದಳು. ಹಂಡೆಯ ನೀರು ಕುದಿ ಬಂದ ಮೇಲೆ, ಒಂದಿಷ್ಟು ತಣ್ಣೀರು ತೋರಿಸಿದಂತೆ ಮಾಡಿ, ಬೆನ್ನಿಗೆ ರಪರಪ ಎರಚುವುದು. ಚರ್ಮ ಕೆಂಪಾಗಬೇಕು, ಇಲ್ಲದಿದ್ದರೆ ಹಾಕಿದ ನೀರು ದಂಡ. ಆಮೇಲೆ ಹೊರಸು, ಕೆಂಡ, ಹೊಗೆ, ಕಂಬಳಿ. ತಿನ್ನಲು ಅಂಟಿನ ಉಂಡಿ. ಮೊದಲ ದಿನವೇ ನೀರು ಹಾಕಿದ ಮೇಲೆ ಏಳಲು ಹೋದರೆ ಕಾಲು ನಿಲ್ಲಲಿಲ್ಲ. ಎರಡೂ ಕಣ್ಣಿಗೆ ಮಬ್ಬು ಕವಿಯಿತು, ಬಚ್ಚಲ ಗೋಡೆ ಎಲ್ಲಿದೆ ಎಂದು ಕೈಯಿಂದ ತಡಕಿದೆ.

"ಅವ್ವಾ, ನನಗ ಏನೂ ಕಾಣವಲ್ದು!"

"ಥಂಡಿ ಹೊರಗ ಬೀಳಾಕತ್ತೈತಿ. ಅಂಜಬ್ಯಾಡ," ಎಂದಳು ಸಂತೋಷದಿಂದ.

ಮೈ ಆರಿದ ಮೇಲೆ ಕಣ್ಣು ತಿಳಿಯಾಗುತ್ತಿತ್ತು, ಕಾಲು ಬರುತ್ತಿತ್ತು. ಮರುದಿನ ಮತ್ತೆ ಅದೇ. ನಾನು ಎಷ್ಟು ಕುಸಿದರೆ ಅಷ್ಟು ಥಂಡಿ ಇದೆ ಎಂದು ಅವ್ವನ ಲೆಕ್ಕ, ಎಷ್ಟು ಥಂಡಿ ಇದೆಯೋ ಅಷ್ಟು ಕಾವು. ಬಾಣಲೆಯಿಂದ ಬೆಂಕಿಗೆ ಅನ್ನುತ್ತಾರಲ್ಲ, ನಾನು ಬೆಂಕಿಯಿಂದ ಬಾಣಲೆಗೆ, ಬಾಣಲೆಯಿಂದ ಬೆಂಕಿಗೆ ದಿನಾ ಓಡಾಡುತ್ತಿದ್ದೆ. ಕೂಗಾಡಿದೆ, ಗೋಳಾಡಿದೆ, ಒಮ್ಮೆ ಚೊಂಬನ್ನು ಎತ್ತಿ ಬಚ್ಚಲಿನ ಗೋಡೆಗೆ ಹೊಡೆದೆ. ಬಾಣಂತಿಗೆ ಸಿಟ್ಟು ಬರುವುದು ಸಹಜ ಎಂದು ಅವ್ವ ಚೊಂಬಿನ ತಗ್ಗು ಸರಿಮಾಡಿಕೊಂಡು ಬಂದಳು. ಕತ್ತಲಲ್ಲಿ ಮಲಗಿ, ಈ ಸಲ ಕಣ್ಣು ವಾಪಸು ಬರದೇ ಹೋದರೆ ಎಂದು ಅಂಜುತ್ತಿದ್ದೆ. ಮಗಳ ಮುಖವನ್ನು ನೆನಪಿನಿಂದಲೇ ಮೂಗು, ಹುಬ್ಬು, ತುಟಿಯ ಮೇಲಿನ ಆ ಗಾಯದ ಗೆರೆ ಎಂದು ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದೆ.

ಒಂದು ದಿನ ನಮ್ಮ ಮನೆಯವರು ಹೇಳದೆ ಕೇಳದೆ ಬಂದರು. ಅವರು ಬಂದ ಹೊತ್ತಿಗೆ ನಾನು ಬಚ್ಚಲಿನ ಕಲ್ಲಿನ ಮೇಲೆ ಕೂತಿದ್ದೆ, ಏಳಲು ಆಗುತ್ತಿರಲಿಲ್ಲ. ಅವ್ವ ಕಂಕುಳಿಗೆ ಕೈಕೊಟ್ಟು ಎತ್ತುತ್ತಿದ್ದಳು. ಯಾರು ಬಂದರೆಂದು ನನಗೆ ಕಾಣಲಿಲ್ಲ, ಚಪ್ಪಲಿಯ ಸಪ್ಪಳದಿಂದ ಗುರುತು ಹಿಡಿದೆ. ಅವರು ಒದ್ದೆ ಮೈಯಲ್ಲೇ ನನ್ನನ್ನು ಎತ್ತಿ ಪಡಸಾಲೆಗೆ ತಂದು ಕೂಲರಿನ ಮುಂದೆ ಮಲಗಿಸಿದರು. "ಬಾಣಂತಿಗಿ ಗಾಳಿ!" ಎಂದು ಅವ್ವ ಚೀರಿದಳು. ಅವರು ಕೂಲರನ್ನು ಇನ್ನಷ್ಟು ಜೋರು ಮಾಡಿದರು. ತಣ್ಣಗಾಗುತ್ತ ಬಂದಂತೆ ಮಬ್ಬು ಸರಿಯಿತು, ಅವರ ಮುಖ ಕಂಡಿತು. ಅಳುತ್ತಿದ್ದರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

"ಸಾಕಿನ್ನ," ಎಂದರು. "ನಾಳೆ ಸೊಲ್ಲಾಪುರಕ್ಕ ಹೋಗೂಣು. ನರದ ಡಾಕ್ಟರ್ ಕಡೆ."

ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಬಾಡಿಗೆ ಕಾರಿನಲ್ಲಿ ಎಲ್ಲ ಗಾಜು ಏರಿಸಿ, ನನ್ನ ಕಿವಿಗೆ ಅರಳೆ ಇಟ್ಟು, ತಲೆಗೆ ಬಟ್ಟೆ ಬಿಗಿದು ಕೂತಳು. ಡ್ರೈವರು ಬೆವರು ಒರೆಸುತ್ತ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಇವರೂ ಕಣ್ಣು ಬಂಗಾರ, ಕಾಲು ಬೆಳ್ಳಿ ಎಂದು ಕಳಿಸಿದರೆ ಏನು ಮಾಡುವುದು?

ಆ ಡಾಕ್ಟರು ಮರಾಠಿ ಬೆರೆಸಿ ಕನ್ನಡ ಮಾತಾಡುತ್ತಿದ್ದರು. ಮೊಣಕಾಲಿಗೆ ಸುತ್ತಿಗೆಯಿಂದ ಬಡಿದರು, ಪಾದದ ಅಡಿಯಲ್ಲಿ ಕೀಲಿಕೈಯಿಂದ ಗೀರಿದರು, ಕಂಪಿಸುವ ಶ್ರುತಿಕವಲನ್ನು ಹೆಬ್ಬೆರಳಿಗೆ ಇಟ್ಟು ಗೊತ್ತಾಗುತ್ತದೆಯೇ ಎಂದು ಕೇಳಿದರು. ಆಮೇಲೆ ನನ್ನ ತಲೆಯ ಬಟ್ಟೆ ನೋಡಿ, ಇದೇನು ಎಂದರು. ನಾನು ಬಾಯಿ ತೆರೆಯುವುದರೊಳಗೆ ಅವ್ವ ಮುಂದೆ ಸರಿದು ಎಲ್ಲ ಹೇಳಿದಳು. ಹೆಮ್ಮೆಯಿಂದಲೇ ಹೇಳಿದಳು. ಹಂಡೆ, ಕುದಿನೀರು, ಕೆಂಡ, ಕಂಬಳಿ.

"ಅವ್ವಾರ, ಸ್ನಾನ ಆದಮ್ಯಾಲೆ ಇವರು ಹೆಂಗಿರ್ತಾರ?"

"ಕಣ್ಣು ಕತ್ತಲಿ ಬರ್ತಾವ್ರಿ. ಕಾಲು ನಿಂದ್ರಂಗಿಲ್ರಿ. ಥಂಡಿ ಹೊರಗ ಬೀಳ್ತೈತಿ ನೋಡ್ರಿ, ಅದಕ್ಕ."

"ಮತ್ತ ಸರಿ ಯಾವಾಗ ಆಗ್ತಾರ?"

"ಮೈ ಆರಿದಮ್ಯಾಲ್ರಿ."

"ದಿನಾ ಹಿಂಗ?"

"ದಿನಾ ಎರಡೂ ಹೊತ್ತ್ರಿ. ಒಂದ ದಿನಾ ತಪ್ಪಿಸಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ನನ್ನ ಕಡೆ ತಿರುಗಿ, "ಇದನ್ನ ಯಾರಿಗೂ ಹೇಳಿರ್ಲಿಲ್ಲೇನ್ರಿ?" ಎಂದರು. ಈ ಸ್ನಾನ ಶುರುವಾದದ್ದು ಈ ತಿಂಗಳು, ಅದಕ್ಕೂ ಮೊದಲು ನೋಡಿದ ಡಾಕ್ಟರುಗಳಲ್ಲಿ ಬಿಸಿಗೆ ಹೇಗಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ ಎಂದೆ. ಕುತ್ತಿಗೆ ಬಗ್ಗಿಸಿದರೆ ಕರೆಂಟು ಹೊಡೆಯುತ್ತದೆಯೇ ಎಂದು ಅವರೇ ಕೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ. ನಾನು ಹೇಳುವ ಮೊದಲೇ ಅದು ಗೊತ್ತಿದ್ದ ಮನುಷ್ಯ ಜಗತ್ತಿನಲ್ಲಿ ಒಬ್ಬರಿದ್ದಾರಲ್ಲ!

ಎಂಆರ್‌ಐ ಮಾಡಿಸಿದರು. ಆ ಕೊಳವೆಯೊಳಗೆ ಜನ ಹೆದರುತ್ತಾರಂತೆ. ನನಗೆ ಅದರ ತಂಪು ಹಿತವಾಗಿತ್ತು, ಅದು ಗಡಗಡ ಬಡಿದುಕೊಳ್ಳುತ್ತಿದ್ದರೂ ಕಣ್ಣು ಮುಚ್ಚಿ ಮಲಗಿದ್ದೆ. ಹೆದರಿಕೆ ಹೊರಗೆ ಬಂದ ಮೇಲೆ, ವರದಿಗಾಗಿ ಬೆಂಚಿನ ಮೇಲೆ ಕಾಯುವಾಗ ಶುರುವಾಯಿತು. ಗಡ್ಡೆ ಇದ್ದರೆ ಎಂದು ಒಂದು ಮನಸ್ಸು, ಏನೂ ಇಲ್ಲ ಎಂದರೆ ಎಂದು ಇನ್ನೊಂದು. ನಿಜ ಹೇಳಬೇಕೆಂದರೆ ಎರಡನೆಯದಕ್ಕೇ ನಾನು ಹೆಚ್ಚು ಅಂಜಿದ್ದೆ.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಮಿದುಳಿನಲ್ಲಿ, ಕುತ್ತಿಗೆಯ ನರದ ಹುರಿಯಲ್ಲಿ ಬಿಳಿ ಚುಕ್ಕೆಗಳನ್ನು ತೋರಿಸಿದರು. ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದ ಮೇಲೆ ಹೆಸರು ಹೇಳಿದರು: ಮಲ್ಟಿಪಲ್ ಸ್ಕ್ಲೆರೋಸಿಸ್. ವಾಯರಿನ ಮೇಲಿನ ರಬ್ಬರು ಕಿತ್ತುಹೋದಂತೆ ನರದ ಹೊದಿಕೆ ಅಲ್ಲಲ್ಲಿ ಹಾಳಾಗಿದೆ, ಹಾಳು ಮಾಡುತ್ತಿರುವುದು ರೋಗ ತಡೆಯಬೇಕಾದ ಮೈಯೊಳಗಿನ ಕಾವಲಿನವರೇ. ಕಾವು ಏರಿದಾಗ ಅಂಥ ನರ ಕೆಲಸ ಬಿಡುತ್ತದೆ, ಆರಿದಾಗ ಮತ್ತೆ ಹಿಡಿಯುತ್ತದೆ. ಬುಡಸಮೇತ ಹೋಗುವುದಿಲ್ಲ, ಆದರೆ ಔಷಧದಿಂದ ಹಿಡಿದು ನಿಲ್ಲಿಸಬಹುದು. ಎಷ್ಟು ದಿನ, ಯಾವಾಗ ಮತ್ತೆ ಬರುತ್ತದೆ, ಯಾವ ಕಡೆಯಿಂದ ಬರುತ್ತದೆ, ಅದು ಮಾತ್ರ ಹೇಳಲು ಬರುವುದಿಲ್ಲ ಎಂದರು.

ಅವ್ವನಿಗೆ ಇದಾವುದೂ ಬೇಕಿರಲಿಲ್ಲ. ಅವಳು ಕೈಮುಗಿದು ಒಂದೇ ಕೇಳಿದಳು: "ಬಾಣಂತನದಾಗ ಕಮ್ಮಿ ಆಗಿದ್ದಕ್ಕ ಬಂತೇನ್ರಿ ಸಾಹೇಬ್ರ?"

"ಇಲ್ರಿ ಅವ್ವಾರ. ನಿಮ್ಮ ಬಾಣಂತನದ್ದ ಏನೂ ತಪ್ಪಿಲ್ಲ. ತಣ್ಣೀರಿಂದೂ ಅಲ್ಲ. ಹೆರಿಗಿ ಆದಮ್ಯಾಲೆ ಇದು ಕೆಲವರಿಗೆ ತಲಿ ಎತ್ತತೈತಿ, ಅಷ್ಟ."

ಅವ್ವ ಹಗುರಾಗುತ್ತಾಳೆ ಎಂದುಕೊಂಡಿದ್ದೆ. ವಾರ್ಡಿಗೆ ಹೋಗುವ ದಾರಿಯಲ್ಲಿ ನನ್ನ ತಲೆಗೆ ತಾನೇ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಮಡಚುತ್ತ, "ಹಂಗಾರ ಇಷ್ಟು ದಿನ ನಾ ನಿನ್ನ ಸುಮ್ಮಸುಮ್ನ ಬೇಯಿಸಿಬಿಟ್ನೆಲ್ಲವಾ" ಎಂದಳು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಯಾರ ಮೇಲೆಂದು ಗೊತ್ತಾಗದ ಸಿಟ್ಟು.

"ಹೌದು, ಬೇಯಿಸಿದಿ. ಬೇಯಿಸಿದ್ದಕ್ಕ ಗೊತ್ತಾತು. ನೀ ಬೇಯಿಸಿರ್ಲಿಲ್ಲಂದ್ರ ನಾ ಇನ್ನೂ ಸಲಾಯಿನ್ ಹಚ್ಚಿಸ್ಕೊಂತ ಕುಂತಿರ್ತಿದ್ನಿ. ಇನ್ನ ಅಳಬ್ಯಾಡ, ನಡಿ."

ಸ್ಟಿರಾಯ್ಡ್ ಹನಿಹನಿಯಾಗಿ ಏರಿಸಿದರು. ಮುಖ ಹೋಳಿಗೆಯಂತೆ ಉಬ್ಬಿತು, ನಿದ್ದೆ ಹಾರಿತು, ಮೊದಲೇ ಇದ್ದ ಸಿಟ್ಟು ಎರಡು ಪಟ್ಟಾಯಿತು. ಆದರೆ ಎಡಗಣ್ಣಿನ ಮಬ್ಬು ಮುಕ್ಕಾಲು ಪಾಲು ಸರಿಯಿತು, ಕಾಲು ನಿಂತಿತು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೂಜಿ ಬರೆದುಕೊಟ್ಟರು. ಅದನ್ನು ಫ್ರಿಜ್ಜಿನಲ್ಲೇ ಇಡಬೇಕು. ಅಂದಿನಿಂದ ಕರೆಂಟು ಹೋದರೆ ನನ್ನ ಜೀವವೂ ಅರ್ಧ ಹೋಗುತ್ತದೆ.

ಆಸ್ಪತ್ರೆಯಿಂದ ನೇರವಾಗಿ ಇಂಡಿಗೆ ಹೋದೆವು. ನಾನು ಮಗಳನ್ನು ಕರೆದುಕೊಂಡು ಬರಲು ಹೋದೆ, ಅತ್ತೆಯ ಕಡೆಯವರು ಮಗಳ ಬಗ್ಗೆ ತೀರ್ಮಾನ ಮಾಡಲು ಕೂತಿದ್ದರು. ಮಾವನ ತಮ್ಮ, ನಾವು ಕಾಕಾ ಎನ್ನುವ ಹಿರಿಯರು, ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. "ಡಾಕ್ಟರ್ ಪೂರಾ ಗುಣಾ ಆಗಂಗಿಲ್ಲ ಅಂದಾರಂತ. ಗಂಡ ಒಂದ ಊರಾಗ, ಹೆಂಡ್ತಿ ಒಂದ ಊರಾಗ. ಕೂಸು ಸಾಲಿಗಿ ಹೋಗೂತನಾ ಇಲ್ಲೇ ಬೆಳೀಲಿ. ಎಲ್ಲಾರಿಗೂ ಚಲೋ."

ಎಲ್ಲರಿಗೂ ಚಲೋ! ನಮ್ಮ ಮನೆಯವರು ನೆಲ ನೋಡುತ್ತಿದ್ದರು. ಮಗಳು ಅತ್ತೆಯ ತೊಡೆಯ ಮೇಲೆ ಕೂತು ಅವರ ಬಳೆ ತಿರುಗಿಸುತ್ತಿದ್ದಳು. ಸೊಲ್ಲಾಪುರದಿಂದ ನಮ್ಮ ಜೊತೆಗೇ ಬಂದಿದ್ದ ಅವ್ವ ಬಾಗಿಲ ಹತ್ತಿರದಿಂದ ಹೇಳಿದಳು: "ಕೂಸಿನ ತಾಯಿ ಇಲ್ಲೇ ಕುಂತಾಳ್ರಿ. ಆಕಿನ್ನ ಒಂದ ಮಾತ ಕೇಳ್ರಿ."

ಅತ್ತೆ ನನ್ನನ್ನು ನೋಡಿದರು. "ಎತ್ಕೊಂಡ್ರ ಬೀಳ್ತಿ. ಹೆಂಗ ಸಾಕ್ತಿ ಹೇಳು, ನಾ ಬ್ಯಾಡ ಅನ್ನಂಗಿಲ್ಲ."

ಕೊಂಕಿನ ಮಾತಲ್ಲ ಅದು. ಉತ್ತರ ಬೇಕೆಂದೇ ಕೇಳಿದ್ದು. ಮೆಟ್ಟಿಲಲ್ಲಿ ಬಿದ್ದ ದಿನದಿಂದ ನಾನು ನನಗೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯೂ ಅದೇ.

"ಎತ್ಕೊಳ್ಳೂ ವಯಸ್ಸು ಮುಗೀತ್ರಿ ಅತ್ತಿ," ಎಂದೆ. "ಆಕಿ ಈಗ ಓಡ್ಯಾಡ್ತಾಳ. ಇನ್ನ ಮುಂದ ಇರೂದು ಬೈಯೂ ವಯಸ್ಸು. ನನ್ನ ಕಾಲು ಹೆಂಗರ ಇರ್ಲಿ, ಬಾಯಿ ನೆಟ್ಟಗೈತಿ."

ಕಾಕಾ ಕೆಮ್ಮಿದರು. ನಮ್ಮ ಮನೆಯವರು ತಲೆ ಎತ್ತಿದರು. ಅತ್ತೆಗೆ ನಗು ಬಂತು, ಅದನ್ನು ಸೆರಗಿನಲ್ಲಿ ಒರೆಸಿಕೊಂಡರು. "ಬಾಯಿದ್ದಾಕಿ ಬರಗಾಲದಾಗ ಬದುಕ್ತಾಳಂತ," ಎಂದು ಎದ್ದು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಹೋಗಿ ನೋಡಿದರೆ ಮಗಳ ಅಂಗಿಗಳನ್ನು ಮಡಚಿ ಚೀಲಕ್ಕೆ ತುಂಬುತ್ತ ಅಳುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಮಡಚಿದೆ. ಅವರಿಂದ ಏನು ಕಸಿದುಕೊಳ್ಳುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು.

ಮಗಳನ್ನು ಸಿಂದಗಿಗೆ ತಂದೆ. ಮೊದಲ ಕೆಲವು ವಾರ ಅವ್ವ ಜೊತೆಗಿದ್ದಳು. ನೀರು ಕಾಯಿಸುವುದೆಂದರೆ ಈಗ ಅವಳಿಗೆ ಅಂಜಿಕೆ, ಉಗುರುಬೆಚ್ಚಗಾದ ಕೂಡಲೇ ಇಳಿಸಿಬಿಡುತ್ತಿದ್ದಳು. ಮಗಳು ಹಗಲೆಲ್ಲ ಚೆನ್ನಾಗಿರುತ್ತಿದ್ದಳು, ಸಂಜೆಯಾದರೆ ಬಾಗಿಲಲ್ಲಿ ನಿಂತು ಇಂಡಿಗೆ ಹೋಗೋಣ ಎಂದು ಶುರು ಮಾಡುತ್ತಿದ್ದಳು. ನಾನು ಕಥೆ ಹೇಳುತ್ತಿದ್ದೆ, ಬೈಯುತ್ತಿದ್ದೆ, ಬೆಲ್ಲ ಶೇಂಗಾ ಕೊಡುತ್ತಿದ್ದೆ. ಕೈ ಮಾತ್ರ ಚಾಚುತ್ತಿರಲಿಲ್ಲ. ಅವಳೂ ಎತ್ತಿಕೋ ಎಂದು ನನ್ನನ್ನು ಕೇಳುತ್ತಿರಲಿಲ್ಲ.

ಅವ್ವ ಊರಿಗೆ ಹೊರಟ ದಿನ ಅವಳನ್ನು ಕಳಿಸಲು ಬಸ್ ನಿಲ್ದಾಣಕ್ಕೆ ಹೋಗಿದ್ದೆವು. ಮಳೆ ಇನ್ನೂ ಬಿದ್ದಿರಲಿಲ್ಲ, ಸೆಕೆ. ಬಾಗೇವಾಡಿ ಕಡೆಯ ಬಸ್ಸು ಹೊರಟಿತು, ಅವ್ವ ಕಿಟಕಿಯಿಂದ ಕೈಬೀಸಿದಳು, ಬಸ್ಸು ಗೇಟು ದಾಟಿತು. ಅಷ್ಟು ಹೊತ್ತು ಬಿಸಿಲಲ್ಲಿ ನಿಂತದ್ದಕ್ಕೆ ನನ್ನ ಕಾಲುಗಳು ಭಾರವಾಗತೊಡಗಿದ್ದವು. ನೆರಳಿನ ಕಡೆ ತಿರುಗಿದೆ. ಆಗ ಆಚೆ ಬದಿಯಲ್ಲಿ ಕಂಡಕ್ಟರೊಬ್ಬ, "ಇಂಡಿ ಇಂಡಿ ಇಂಡಿ" ಎಂದು ಕೂಗಿದ.

ಮಗಳು ನನ್ನ ಬೆರಳು ಬಿಡಿಸಿಕೊಂಡು ಓಡಿದಳು.

ನಡುವೆ ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು. ನಾನು ಓಡಲು ಹೋದೆ. ಬಲಗಾಲು ಎದ್ದಿತು, ಎಡಗಾಲು ನೆಲಕ್ಕೆ ಅಂಟಿಕೊಂಡಿತು. ಕಂಬ ಹಿಡಿದುಕೊಂಡೆ. ಮೈಯಲ್ಲಿದ್ದ ಶಕ್ತಿಯೆಲ್ಲ ಗಂಟಲಿಗೆ ಬಂತು.

"ನಿಂದ್ರ! ಅಲ್ಲೇ ನಿಂದ್ರ!"

ಇಡೀ ನಿಲ್ದಾಣ ತಿರುಗಿ ನೋಡಿತು. ಹಿಂದಕ್ಕೆ ಬರುತ್ತಿದ್ದ ಬಸ್ಸಿನ ಬೆನ್ನಿಗೆ ಯಾರೋ ದಬದಬ ಬಡಿದರು, ಅದು ನಿಂತಿತು. ಮಗಳೂ ನಿಂತಿದ್ದಳು. ಬಸ್ಸಿಗೂ ಅವಳಿಗೂ ನಡುವೆ ಹೆಚ್ಚು ಜಾಗ ಇರಲಿಲ್ಲ. ತಿರುಗಿ ನನ್ನ ಕಡೆಯೇ ನೋಡುತ್ತಿದ್ದಳು, ಒಂದು ಹೆಜ್ಜೆ ಆಚೆಯೂ ಇಡಲಿಲ್ಲ, ಈಚೆಯೂ ಇಡಲಿಲ್ಲ. ನಾನು ಕಂಬ ಬಿಟ್ಟು, ನೆಲ ನೋಡುತ್ತ, ಒಂದೊಂದೇ ಕಾಲನ್ನು ಎಳೆದುಕೊಂಡು ಅವಳ ಹತ್ತಿರ ನಡೆದೆ. ಎಷ್ಟು ಹೊತ್ತು ಹಿಡಿಯಿತೋ. ಅಷ್ಟೂ ಹೊತ್ತು ಅವಳು ಅಲ್ಲೇ ಇದ್ದಳು.

ಹೋಗಿ ರಟ್ಟೆ ಹಿಡಿದೆ. ಇಬ್ಬರ ಕೈಯೂ ಒದ್ದೆಯಾಗಿತ್ತು.

ಕಂಡಕ್ಟರು ಬಾಗಿಲಲ್ಲಿ ನಿಂತು, "ಇಂಡಿಗಿ ಬರ್ತೀರೇನ್ರಿ ಬಾಯಾರ? ಬರ್ರಿ ಲಗೂನ, ಬಿಡ್ತೈತಿ," ಎಂದ.

ಮಗಳು ಬಸ್ಸನ್ನು ನೋಡಿದಳು, ನನ್ನನ್ನು ನೋಡಿದಳು.

"ಇಲ್ರಿ," ಎಂದೆ. "ನಮ್ಮ ಮನಿ ಇಲ್ಲೇ ಐತಿ."